ನಾಲ್ಕು ತುರಿಕೆ, ಒಂದೇ ಟ್ಯೂಬು: ಕರಾವಳಿಯ ಮಳೆಗಾಲ ಮತ್ತು ಯೀಸ್ಟ್ ಸೋಂಕು

ಆಷಾಢದ ಜಡಿಮಳೆಯ ಸಂಜೆ ಕುಮಟೆಯಲ್ಲೋ ಅಂಕೋಲೆಯಲ್ಲೋ ಔಷಧಿ ಅಂಗಡಿಯೊಂದರ ಮುಂದೆ ಅರ್ಧ ತಾಸು ನಿಂತರೆ ಇಂಥದೊಂದು ದೃಶ್ಯ ಕಾಣಸಿಗುತ್ತದೆ. ಬೆಳಗಿನಿಂದ ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟು ಮೀನು ಮಾರಿದ ಮಹಿಳೆ ಬೆರಳಸಂದಿ ಬಿಳಿಚಿ ಸುಲಿದಿದೆಯೆಂದು ಕೈ ಚಾಚುತ್ತಾರೆ. ಕಾಲೇಜು ಹುಡುಗನೊಬ್ಬ ಎದೆ, ಬೆನ್ನಿನ ಮೇಲೆ ಚಿಬ್ಬು ಎದ್ದಿದೆಯೆನ್ನುತ್ತಾನೆ. ಆಟೋ ಓಡಿಸುವವರಿಗೆ ತೊಡೆಸಂದಿಯಲ್ಲಿ ಉಂಗುರದಂತೆ ಹಬ್ಬಿದ ಹುಳುಕಡ್ಡಿ. ಇವರೆಲ್ಲ ಹೋಗುವ ತನಕ ಛತ್ರಿಯ ನೀರು ಕೊಡವುತ್ತ ಬದಿಗೆ ನಿಂತಿದ್ದ ನಾಲ್ಕನೆಯವರು ಕೊನೆಗೆ ಮುಂದೆ ಬಂದು, "ತಮ್ಮಾ, ತುರಿಕೆಗೆ ಒಂದು ಟ್ಯೂಬು ಕೊಡು" ಎಂದಷ್ಟೇ ಹೇಳುತ್ತಾರೆ. ಎಲ್ಲಿ ತುರಿಕೆಯೆಂದು ಅಂಗಡಿಯವನು ಕೇಳುವುದಿಲ್ಲ, ಅವರು ಹೇಳುವುದೂ ಇಲ್ಲ. ನಾಲ್ವರೂ ಒಯ್ಯುವುದು ಹೆಚ್ಚುಕಡಿಮೆ ಒಂದೇ ಟ್ಯೂಬು.

ಈ ನಾಲ್ಕೂ ಬೇರೆ ಬೇರೆ ಕಾಯಿಲೆಗಳು. ಮೀನು ಮಾರುವವರ ಬೆರಳಸಂದಿಯಲ್ಲಿರುವುದು ಬಹುಮಟ್ಟಿಗೆ ಕ್ಯಾಂಡಿಡಾ ಎಂಬ ಯೀಸ್ಟ್, ಅಂದರೆ ಶಿಲೀಂಧ್ರದ ಒಂದು ಬಗೆ. ಹುಡುಗನ ಚಿಬ್ಬಿಗೆ ಕಾರಣ ಮಲಸೀಜಿಯಾ ಎಂಬ ಇನ್ನೊಂದು ಜಾತಿಯ ಯೀಸ್ಟ್. ತಲೆಹೊಟ್ಟಿನಲ್ಲಿಯೂ ಅದರ ಕೈವಾಡವಿದೆ. ಆಟೋ ಚಾಲಕರ ಹುಳುಕಡ್ಡಿ ಯೀಸ್ಟೇ ಅಲ್ಲ, ಚರ್ಮದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುವ ಟ್ರೈಕೋಫೈಟನ್ ಎಂಬ ಬೇರೆ ಬಗೆಯ ಶಿಲೀಂಧ್ರದ ಕೆಲಸ. ನಾಲ್ಕನೆಯವರದು ಕ್ಯಾಂಡಿಡಾ ಇರಬಹುದು, ಅಥವಾ ಅದಕ್ಕೆ ಶಿಲೀಂಧ್ರದ ಸಂಬಂಧವೇ ಇಲ್ಲದಿರಬಹುದು. ವರ್ಷಕ್ಕೆ ಮೂರು ಮೀಟರಿನ ಆಸುಪಾಸು ಮಳೆ ಸುರಿಯುವ ಕಾರವಾರದ ಸೀಮೆಯಲ್ಲಿ ಇವೆಲ್ಲಕ್ಕೂ ಮಳೆಯನ್ನು ದೂರುವುದು ಸುಲಭ. ಆದರೆ ಮಳೆ ಹಿಂದೆಯೂ ಹೀಗೆಯೇ ಸುರಿಯುತ್ತಿತ್ತು. ಈಗ ಸೋಂಕು ಹಟಮಾರಿಯಾಗಿ ಮರಳಿ ಮರಳಿ ಬರುತ್ತಿರುವುದಕ್ಕೆ ನನ್ನ ದೃಷ್ಟಿಯಲ್ಲಿ ಮಳೆಗಿಂತ ದೊಡ್ಡ ಕಾರಣ, ಯಾವ ಶಿಲೀಂಧ್ರವೆಂದು ಗುರುತಿಸುವ ಮೊದಲೇ ಔಷಧಿ ಹಚ್ಚುವ ರೂಢಿ.

ಬಾಗಿಲ ಚೌಕಟ್ಟಿಗೋ ಚರ್ಮದ ಚಪ್ಪಲಿಗೋ ಹಿಡಿಯುವ ಬೂಸ್ಟು ಗಾಳಿಯಲ್ಲಿ ಬಂದು ಕೂರುತ್ತದೆ. ಕ್ಯಾಂಡಿಡಾ ಹಾಗೆ ಹೊರಗಿನಿಂದ ಬಂದು ಸೇರಬೇಕಾದ ಜೀವಿಯಲ್ಲ. ಅದು ನಮ್ಮಲ್ಲಿ ಬಹಳಷ್ಟು ಮಂದಿಯ ಬಾಯಿಯಲ್ಲಿ, ಕರುಳಿನಲ್ಲಿ, ಯೋನಿಯಲ್ಲಿ, ಚರ್ಮದ ಮಡಿಕೆಗಳಲ್ಲಿ ಯಾವ ತೊಂದರೆಯನ್ನೂ ಕೊಡದೆ ಬಾಡಿಗೆಗೆ ಇದ್ದಂತೆ ಇರುತ್ತದೆ. ಅಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು, ಆಮ್ಲೀಯತೆ ಮತ್ತು ದೇಹದ ರೋಗನಿರೋಧಕ ಶಕ್ತಿ ಸೇರಿ ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಈ ಮೂರರಲ್ಲಿ ಒಂದು ಸಡಿಲವಾದರೂ ಅದು ಹೆಚ್ಚಿಕೊಂಡು, ಎಳೆಗಳನ್ನು ಚಾಚಿ, ಒಳಪೊರೆಯನ್ನು ಕೊರೆಯತೊಡಗುತ್ತದೆ. ಆದ್ದರಿಂದ ಯೀಸ್ಟ್ ಸೋಂಕಾದವರನ್ನು ಕೇಳಬೇಕಾದದ್ದು ಎಲ್ಲಿಂದ ಹತ್ತಿಸಿಕೊಂಡಿರಿ ಎಂದಲ್ಲ, ಇತ್ತೀಚೆಗೆ ದೇಹದಲ್ಲಿ ಏನು ಬದಲಾಯಿತು ಎಂದು. ಇಡ್ಲಿ, ದೋಸೆಯಂಥ ಹುದುಗಿದ ತಿಂಡಿ ಬಿಟ್ಟರೆ ಯೀಸ್ಟ್ ಸೋಂಕು ಹೋಗುತ್ತದೆಂಬ ಸಲಹೆ ಮೊಬೈಲುಗಳಲ್ಲಿ ಓಡಾಡುತ್ತಿದೆ. ಹಿಟ್ಟು ಹುಳಿ ಬರಿಸುವ ಜೀವಿಗಳೇ ಬೇರೆ, ಈ ಕ್ಯಾಂಡಿಡಾವೇ ಬೇರೆ. ದೋಸೆಯ ಮೇಲೆ ಆ ತಪ್ಪು ಹೊರಿಸುವುದು ಬೇಡ.

ಬದಲಾದದ್ದೇನು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಕೆಲವೇ. ಜ್ವರಕ್ಕೋ ಹಲ್ಲುನೋವಿಗೋ ತೆಗೆದುಕೊಂಡ ಆಂಟಿಬಯಾಟಿಕ್ ಮಾತ್ರೆ, ಕಾಯಿಲೆಯ ಬ್ಯಾಕ್ಟೀರಿಯಾದ ಜೊತೆಗೆ ಯೋನಿಯ ಕಾವಲಿಗಿದ್ದ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಂದಿರುತ್ತದೆ. ಗರ್ಭಿಣಿಯರಲ್ಲಿ ಈಸ್ಟ್ರೋಜನ್ ಹೆಚ್ಚಿ ಯೋನಿಯ ಒಳಪೊರೆಯಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬಿಕೊಳ್ಳುವುದರಿಂದ ಯೀಸ್ಟಿಗೆ ಊಟ ಸುಲಭವಾಗುತ್ತದೆ. ಸ್ಟೀರಾಯ್ಡ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ ಸೋಂಕು ಇವು ರೋಗನಿರೋಧಕ ಶಕ್ತಿಯನ್ನೇ ಕುಂದಿಸುತ್ತವೆ. ಬಹಳ ವ್ಯಾಪಕವಾದ ಇನ್ನೊಂದು ಕಾರಣ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಹತೋಟಿಗೆ ಬಾರದ ಸಕ್ಕರೆ ರಕ್ತದಲ್ಲಷ್ಟೇ ಅಲ್ಲದೆ ಎಂಜಲು, ಬೆವರು, ಮೂತ್ರಗಳಲ್ಲೂ ಏರುವುದರಿಂದ ಯೀಸ್ಟ್ ಸೋಂಕು ಪದೇ ಪದೇ ಕಾಣಿಸಿಕೊಳ್ಳುವುದೇ ಎಷ್ಟೋ ಜನರಲ್ಲಿ ಮಧುಮೇಹದ ಮೊದಲ ಸುಳಿವು.

ಇಲ್ಲಿಗೆ ಹೊಸದಾಗಿ ಸೇರಿಕೊಂಡಿರುವ ಇನ್ನೊಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳು ರಕ್ತದಲ್ಲಿ ಹೆಚ್ಚಾದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಅವುಗಳಿಂದ ಆಗುವ ಉಪಕಾರ ಗಟ್ಟಿಯಾದ ಅಧ್ಯಯನಗಳಿಂದ ಸಿದ್ಧವಾಗಿದೆ. ಮೊದಲನೆಯದರ ಪೇಟೆಂಟು ಭಾರತದಲ್ಲಿ 2020ರಲ್ಲಿ ಮುಗಿಯಿತು, ಎರಡನೆಯದರದ್ದು 2025ರ ಮಾರ್ಚಿನಲ್ಲಿ. ಅಲ್ಲಿಂದೀಚೆಗೆ ಹಲವಾರು ಕಂಪನಿಗಳು ಇವನ್ನು ತಯಾರಿಸತೊಡಗಿ ಬೆಲೆ ಬಹಳವಾಗಿ ಇಳಿದಿರುವುದರಿಂದ, ಮೊದಲು ಉಳ್ಳವರಿಗಷ್ಟೇ ಎಟುಕುತ್ತಿದ್ದ ಮಾತ್ರೆ ಈಗ ತಾಲೂಕು ಕೇಂದ್ರದ ರೋಗಿಗೂ ಎಟುಕುತ್ತಿದೆ. ಇದು ಒಳ್ಳೆಯ ಸುದ್ದಿ. ಆದರೆ ಮೂತ್ರದಲ್ಲಿ ಸಕ್ಕರೆ ಹೋಗುವುದೇ ಆ ಮಾತ್ರೆಯ ಕೆಲಸವಾದ್ದರಿಂದ ಜನನಾಂಗದ ಯೀಸ್ಟ್ ಸೋಂಕು ಅದರ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಹೆಂಗಸರಲ್ಲಿ ಇದು ಹೆಚ್ಚು. ಗಂಡಸರಲ್ಲಿಯೂ ಶಿಶ್ನದ ಮುಂದೊಗಲಿನ ಕೆಳಗೆ ಕೆಂಪು, ಉರಿ, ಬಿಳಿ ಪದರ, ತೊಗಲಿನಲ್ಲಿ ಬಿರುಕು ಕಾಣಿಸಿಕೊಳ್ಳಬಹುದು. ಮಾತ್ರೆ ಬರೆದುಕೊಟ್ಟವರು ಎರಡು ಮಾತಿನಲ್ಲಿ ಇದನ್ನು ಮೊದಲೇ ತಿಳಿಸಿದರೆ ರೋಗಿ ಗಾಬರಿಯಾಗುವುದಿಲ್ಲ. ತಿಳಿಸದಿದ್ದಾಗ ಅರವತ್ತರ ಹಿರಿಯರೊಬ್ಬರು ಯಾರಲ್ಲೂ ಹೇಳಿಕೊಳ್ಳಲಾಗದೆ, ತಮಗೇನೋ ಕೆಟ್ಟ ರೋಗ ತಗುಲಿತೆಂದು ನಾಚಿ, ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಸೋಂಕು ಒಂದು ವಾರದ ಚಿಕಿತ್ಸೆಯಲ್ಲಿ ಹೋಗುವಂಥದು. ವೈದ್ಯರನ್ನು ಕೇಳದೆ ಸಕ್ಕರೆ ಮಾತ್ರೆ ನಿಲ್ಲಿಸಿದರೆ ಆಗುವ ಹಾನಿ ಅಷ್ಟು ಬೇಗ ಸರಿಹೋಗುವಂಥದಲ್ಲ. ಮೂತ್ರ ಮಾಡಿದ ಬಳಿಕ ಬರಿಯ ನೀರಿನಿಂದ ತೊಳೆದು ಒರೆಸಿಕೊಳ್ಳುವುದು ಈ ಮಾತ್ರೆ ನುಂಗುವವರಿಗೆ ಪಥ್ಯವಿದ್ದಂತೆ.

ಈಗ ಅಂಗಡಿಯ ಮುಂದೆ ಛತ್ರಿ ಹಿಡಿದು ಕಾದ ಮಹಿಳೆಯ ವಿಷಯ. ಸುಮಾರು ನಾಲ್ವರು ಮಹಿಳೆಯರಲ್ಲಿ ಮೂವರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಯೋನಿಯ ಯೀಸ್ಟ್ ಸೋಂಕು ಆಗುತ್ತದೆಯೆಂಬುದು ವೈದ್ಯಕೀಯ ಪುಸ್ತಕಗಳ ಲೆಕ್ಕ. ಇಷ್ಟು ಸಾಮಾನ್ಯವಾದ ಕಾಯಿಲೆಗೆ ನಮ್ಮ ಮನೆಗಳಲ್ಲಿ ಸರಿಯಾದೊಂದು ಹೆಸರಿಲ್ಲ. 'ಬಿಳಿ ಹೋಗುತ್ತದೆ' ಎನ್ನುತ್ತಾರೆ, ಅದಕ್ಕೆ 'ಉಷ್ಣ' ಕಾರಣವೆನ್ನುತ್ತಾರೆ, ಮೆಂತೆ ನೆನೆಸಿದ ನೀರು, ಎಳನೀರು, ಮುರುಗಲ ಶರಬತ್ತು ಕೊಡುತ್ತಾರೆ. ಮುರುಗಲ ಶರಬತ್ತಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಆದರೆ ಅದು ಯೀಸ್ಟಿನ ಔಷಧಿಯಲ್ಲ. ಬಿಳಿ ಹೋಗುವುದೆಲ್ಲ ಕಾಯಿಲೆಯೂ ಅಲ್ಲ. ಮುಟ್ಟಿನ ಚಕ್ರದ ನಡುವೆ ಮೊಟ್ಟೆಯ ಲೋಳೆಯಂತೆ ತೆಳ್ಳಗೆ ಹೋಗುವ ಸ್ರಾವ ಆರೋಗ್ಯದ ಲಕ್ಷಣ. ಯೀಸ್ಟಿನ ಸ್ರಾವ ಒಡೆದ ಹಾಲಿನ ಗಟ್ಟಿಯಂತೆ ಬಿಳಿಯಾಗಿ, ದಪ್ಪಗಿದ್ದು ದುರ್ನಾತವಿಲ್ಲದೆ ಇರುತ್ತದೆ. ಜೊತೆಗೆ ತಡೆಯಲಾಗದ ತುರಿಕೆ, ಹೊರಭಾಗ ಕೆಂಪಾಗಿ ಊದುವುದು, ಮೂತ್ರ ತಾಗಿದಲ್ಲಿ ಉರಿ, ಸಂಭೋಗದಲ್ಲಿ ನೋವು ಇರುತ್ತವೆ. ಕೆಲವರಲ್ಲಿ ಸ್ರಾವವೇ ಇರದೆ ತುರಿಕೆಯಷ್ಟೇ ಇರುವುದೂ ಉಂಟು.

ಇದನ್ನು ಹೋಲುವ ಬೇರೆರಡು ತೊಂದರೆಗಳಿವೆ. ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದಾಗ ಬೂದು ಬಣ್ಣದ ತೆಳು ಸ್ರಾವ ಮೀನಿನಂಥ ವಾಸನೆಯೊಂದಿಗೆ ಹೋಗುತ್ತದೆ. ದಿನವೂ ಮೀನು ಹೆಚ್ಚಿ ಮಾರುವವರು ಆ ವಾಸನೆಯನ್ನು ತಮ್ಮ ಕಸುಬಿನದೆಂದೇ ಬಗೆದು ಸುಮ್ಮನಿದ್ದುಬಿಡುವ ಸಾಧ್ಯತೆಯನ್ನು ನಮ್ಮ ಕರಾವಳಿಯ ವೈದ್ಯರು ನೆನಪಿನಲ್ಲಿಡುವುದು ಒಳ್ಳೆಯದು. ಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿಯಿಂದಾಗುವ ಸೋಂಕಿನಲ್ಲಿ ಹಳದಿ, ಹಸಿರು ಛಾಯೆಯ ನೊರೆ ಸ್ರಾವವಿರುತ್ತದೆ. ಇದು ಲೈಂಗಿಕ ಸಂಪರ್ಕದಿಂದ ಹರಡುವುದರಿಂದ ಗಂಡನಿಗೂ ಚಿಕಿತ್ಸೆ ಬೇಕು. ಯೀಸ್ಟ್ ಸೋಂಕನ್ನು ಲೈಂಗಿಕ ರೋಗವೆಂದು ಪರಿಗಣಿಸುವುದಿಲ್ಲ, ಗಂಡನಿಗೆ ತೊಂದರೆ ಇಲ್ಲದಿದ್ದರೆ ಚಿಕಿತ್ಸೆಯೂ ಬೇಡ. ಹೀಗಿರುವಾಗ ಲಕ್ಷಣ ನೋಡಿ ತಾವೇ ಕಾಯಿಲೆಯನ್ನು ನಿರ್ಧರಿಸುವುದು ಎಷ್ಟರ ಮಟ್ಟಿಗೆ ಸರಿಯಾದೀತು? 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮಗೆ ಯೀಸ್ಟ್ ಸೋಂಕೆಂದು ನಂಬಿ ಅಂಗಡಿಯಿಂದ ಔಷಧಿ ಕೊಂಡ ಮಹಿಳೆಯರನ್ನು ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗೆ ಮಾತ್ರ ಅದೊಂದೇ ಸೋಂಕು ಇದ್ದದ್ದು ಕಂಡುಬಂತು. ಓದು ಬರಹ ಬಲ್ಲ, ಔಷಧಿಯ ಚೀಟಿ ಓದಬಲ್ಲ ಮಹಿಳೆಯರ ಕತೆಯೇ ಇದು.

ಪರೀಕ್ಷೆ ದುಬಾರಿಯಲ್ಲ. ಸ್ರಾವದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟಿನ ಮೊಗ್ಗುಗಳೂ ಎಳೆಗಳೂ ಕಾಣಿಸುತ್ತವೆ. ಆಮ್ಲೀಯತೆ ಅಳೆಯುವ ಕಾಗದದ ತುಂಡೂ ಬಹಳ ಹೇಳುತ್ತದೆ: ಯೀಸ್ಟಿನಲ್ಲಿ ಪಿಎಚ್ ಸಾಮಾನ್ಯವಾಗಿ 4.5ರೊಳಗೆ ಇದ್ದರೆ, ಉಳಿದೆರಡರಲ್ಲಿ ಅದಕ್ಕಿಂತ ಮೇಲಿರುತ್ತದೆ. ಪ್ರಯೋಗಾಲಯದ ನೆರವಿಲ್ಲದ ಕಡೆ ಲಕ್ಷಣದ ಮೇಲೆಯೇ ಚಿಕಿತ್ಸೆ ಕೊಡುವ ವ್ಯವಸ್ಥೆಯನ್ನು ಸರ್ಕಾರ ರೂಪಿಸಿದೆ. ಸುರಕ್ಷಾ ಕ್ಲಿನಿಕ್‌ಗಳಲ್ಲಿ ಯೋನಿಸ್ರಾವಕ್ಕೆ ಉಚಿತವಾಗಿ ಕೊಡುವ ಹಸಿರು ಪೊಟ್ಟಣದಲ್ಲಿ ಯೀಸ್ಟಿಗೆ ಒಂದು, ಉಳಿದ ಸೋಂಕುಗಳಿಗೆ ಒಂದು ಎಂದು ಎರಡು ಬಗೆಯ ಮಾತ್ರೆಗಳಿರುತ್ತವೆ. ಬಾಣ ಎಲ್ಲಿ ತಾಗಿದರೂ ಸರಿಯೆಂಬ ಈ ಕ್ರಮವನ್ನು ಒಪ್ಪದವರಿದ್ದಾರೆ. ಆದರೂ ಹೇಳದೆ ಕೇಳದೆ ಒಯ್ಯುವ ಟ್ಯೂಬಿಗಿಂತ ಅದು ಎಷ್ಟೋ ಮೇಲು.

ಯೀಸ್ಟೆಂದು ಖಚಿತವಾದ ಮೇಲೆ ಚಿಕಿತ್ಸೆ ಸರಳ. ಫ್ಲೂಕೊನಜೋಲ್ 150 ಮಿಲಿಗ್ರಾಂ ಮಾತ್ರೆ ಒಂದೇ ಸಲ, ಇಲ್ಲವೇ ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ 100 ಮಿಲಿಗ್ರಾಮಿನದಾದರೆ ಆರೇಳು ರಾತ್ರಿ, 500 ಮಿಲಿಗ್ರಾಮಿನದಾದರೆ ಒಂದು ರಾತ್ರಿ. ಗರ್ಭಿಣಿಯರು ಫ್ಲೂಕೊನಜೋಲ್ ನುಂಗಬಾರದು. ಅವರಿಗೆ ಏಳು ದಿನ ಒಳಗಿಡುವ ಔಷಧಿಯೇ ಸರಿ. ಯಕೃತ್ತಿನ ತೊಂದರೆ ಇರುವವರು, ರಕ್ತ ತೆಳ್ಳಗಾಗುವ ವಾರ್ಫರಿನ್‌ನಂಥ ಮಾತ್ರೆ ನುಂಗುವವರು ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು. ಒಳಗೆ ಸಾಬೂನು, ಡೆಟಾಲ್, ಮಾರುಕಟ್ಟೆಯ ಪರಿಮಳದ ದ್ರಾವಣ ಹಾಕಿ ತೊಳೆಯುವುದು ಉಪಕಾರಿ ಬ್ಯಾಕ್ಟೀರಿಯಾಗಳನ್ನು ಕೊಚ್ಚಿಹಾಕಿ ಇದ್ದ ಕಷ್ಟವನ್ನು ಇಮ್ಮಡಿಸುತ್ತದೆ.

ವರ್ಷದಲ್ಲಿ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕೆಂದು ಕರೆಯುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 13.8 ಕೋಟಿ ಮಹಿಳೆಯರು ಇದರಿಂದ ನರಳುತ್ತಾರೆಂಬ ಅಂದಾಜು 2018ರಲ್ಲಿ ಪ್ರಕಟವಾಯಿತು. ಇಂಥವರಿಗೆ ಮೂರು ದಿನಕ್ಕೊಂದರಂತೆ ಫ್ಲೂಕೊನಜೋಲಿನ ಮೂರು ಮಾತ್ರೆ ಕೊಟ್ಟು, ಬಳಿಕ ವಾರಕ್ಕೊಂದರಂತೆ ಆರು ತಿಂಗಳು ಮುಂದುವರಿಸುವುದು ರೂಢಿಯಲ್ಲಿರುವ ಕ್ರಮ. ಜೊತೆಗೆ ಸಕ್ಕರೆಯ ಪರೀಕ್ಷೆ ಆಗಲೇಬೇಕು, ಯಾವ ಜಾತಿಯ ಕ್ಯಾಂಡಿಡಾ ಎಂಬುದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ ತಿಳಿಯಬೇಕು. ಹೆಚ್ಚಿನವು ಕ್ಯಾಂಡಿಡಾ ಆಲ್ಬಿಕನ್ಸ್. ಆದರೆ ಗ್ಲಾಬ್ರಾಟಾ ಎಂಬ ಜಾತಿ ಫ್ಲೂಕೊನಜೋಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಕ್ರೂಸಿ ಎಂಬ ಇನ್ನೊಂದು ಜಾತಿಗೆ ಅದು ಹುಟ್ಟಿನಿಂದಲೇ ನಾಟುವುದಿಲ್ಲ. ಅಂಥಲ್ಲಿ ವೈದ್ಯರು ಬೋರಿಕ್ ಆಮ್ಲದ 600 ಮಿಲಿಗ್ರಾಂ ಕ್ಯಾಪ್ಸೂಲನ್ನು ಯೋನಿಯಲ್ಲಿಡಲು ಹೇಳುವುದುಂಟು. ಇದನ್ನು ಎಲ್ಲೋ ಕೇಳಿ ಕೇರಂ ಬೋರ್ಡಿನ ಪುಡಿಯ ಡಬ್ಬಿಗೆ ಕೈ ಹಾಕುವವರಿಗೆ ಹೇಳಬೇಕಾದ್ದು: ನುಂಗಿದರೆ ಅದು ವಿಷ, ಗರ್ಭಿಣಿಯರಿಗೆ ಯಾವ ರೂಪದಲ್ಲಿಯೂ ಸಲ್ಲದು.

ಬಾಯಿಯ ಯೀಸ್ಟ್ ಸೋಂಕು ಹಸುಗೂಸುಗಳಲ್ಲಿ, ಹಲ್ಲಿನ ಸೆಟ್ಟು ಹಾಕಿಕೊಳ್ಳುವ ವೃದ್ಧರಲ್ಲಿ, ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಎಳೆಯುವವರಲ್ಲಿ ಹೆಚ್ಚು. ಇನ್‌ಹೇಲರ್ ಎಳೆದ ಕೂಡಲೇ ಬಾಯಿ ಮುಕ್ಕಳಿಸಿ ಉಗುಳಿದರೆ, ರಾತ್ರಿ ಸೆಟ್ಟು ತೆಗೆದಿಟ್ಟು ಮಲಗಿದರೆ ಬಹುಪಾಲು ತಪ್ಪುತ್ತದೆ. ನಾಲಿಗೆ, ಕೆನ್ನೆಯ ಒಳಬದಿಯಲ್ಲಿ ಬಿಳಿಯ ಪದರ ಕಟ್ಟಿ, ಬಟ್ಟೆಯಿಂದ ಒರೆಸಿದರೆ ಎದ್ದುಬಂದು ಕೆಳಗೆ ಕೆಂಪು ಕಾಣುವುದು ಇದರ ಗುರುತು. ಒರೆಸಿದರೂ ಬಾರದ ಬಿಳಿ ಮಚ್ಚೆ ಬೇರೆಯ ಮಾತು, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅದನ್ನು ಒತ್ತಿ ಹೇಳಲೇಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಜಗುಲಿಯ ಮೇಲೆ ಎಲೆ ಅಡಿಕೆಯ ಕವಳದ ಬಟ್ಟಲಿಲ್ಲದೆ ಮಾತು ಶುರುವಾಗುವುದಿಲ್ಲ. ಕವಳ ಹಾಕುವವರ ಬಾಯಿಯಲ್ಲಿ ಒರೆಸಿದರೆ ಹೋಗದ ಬಿಳಿ ಮಚ್ಚೆ, ಖಾರ ತಾಗಿದರೆ ಉರಿ, ಬಾಯಿ ಮೊದಲಿನಷ್ಟು ತೆರೆಯಲಾಗದಿರುವುದು ಕ್ಯಾನ್ಸರಿಗೆ ಮುನ್ನಿನ ಸ್ಥಿತಿಗಳಾಗಿರಬಹುದು. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿ ಇಪ್ಪತ್ತು ವರ್ಷ ದಾಟಿತು. ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಈ ಮಾತು ಯಾರಿಗೂ ಹಿಡಿಸುವುದಿಲ್ಲ; ಹಿಡಿಸದಿದ್ದರೂ ಆ ಮಚ್ಚೆಯನ್ನು ಫಂಗಸ್ ಎಂದು ತಿಂಗಳುಗಟ್ಟಲೆ ಔಷಧಿ ಸವರುತ್ತ ಕೂರುವಂತಿಲ್ಲ.

ಚರ್ಮಕ್ಕೆ ಬರೋಣ. ಸ್ತನಗಳ ಕೆಳಗೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಕೆಂಪಗೆ ಒದ್ದೆಯಾದ ಗಾಯ ಮತ್ತು ಅದರ ಸುತ್ತ ಚದುರಿದ ಪುಟ್ಟ ಗುಳ್ಳೆಗಳು ಕಂಡರೆ ಕ್ಯಾಂಡಿಡಾ ಎನ್ನಬಹುದು. ಹುಳುಕಡ್ಡಿಯಾದರೆ ಅಂಚು ಎದ್ದು ನಡು ತಿಳಿಯಾದ ಉಂಗುರ. ಬೆರಳಸಂದಿಯ ಸೋಂಕೂ ಉಗುರುಸುತ್ತೂ ನೀರಿನಲ್ಲಿ ಕೈಯಿಟ್ಟು ದುಡಿಯುವವರ ಕಾಯಿಲೆಗಳು: ಅಘನಾಶಿನಿಯ ಅಳಿವೆಯಲ್ಲಿ ತಾಸುಗಟ್ಟಲೆ ನಿಂತು ಬಳಚು ಎಂಬ ಚಿಪ್ಪುಮೀನು ಆರಿಸುವವರು, ಮೀನುಪೇಟೆಯವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು. ಕೈ ಒಣಗಿಸಿಕೊಳ್ಳಿ ಎಂದು ಇವರಿಗೆ ಹೇಳುವುದು ದುಡಿಮೆ ಬಿಡಿ ಎಂದಂತೆ ಕೇಳಿಸುತ್ತದೆ. ಕೆಲಸ ಮುಗಿದ ಮೇಲೆ ಬೆರಳಸಂದಿಯನ್ನು ಒಣಬಟ್ಟೆಯಲ್ಲಿ ಒತ್ತಿ ಒರೆಸಿ ಕ್ಲೋಟ್ರಿಮಜೋಲ್ ಮುಲಾಮನ್ನು ದಿನಕ್ಕೆರಡು ಸಲ ಎರಡರಿಂದ ನಾಲ್ಕು ವಾರ ಹಚ್ಚುವುದು ಸಾಧ್ಯವಾದ ಮಾತು. ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದರೂ ಅರೆಬರೆ ಒಣಗುವ ಒಳಬಟ್ಟೆಯನ್ನು ಇಸ್ತ್ರಿ ಮಾಡಿ ತೊಡುವುದೂ ಸಾಧ್ಯ.

ಆದರೆ ಅಂಗಡಿಯಿಂದ ಬರುವ ಟ್ಯೂಬಿನಲ್ಲಿ ಎಷ್ಟೋ ಸಲ ಕ್ಲೋಟ್ರಿಮಜೋಲ್ ಒಂಟಿಯಾಗಿರುವುದಿಲ್ಲ. ಶಿಲೀಂಧ್ರನಾಶಕ, ಆಂಟಿಬಯಾಟಿಕ್, ಕ್ಲೊಬೆಟಾಸೋಲ್‌ನಂಥ ಬಲವಾದ ಸ್ಟೀರಾಯ್ಡ್ ಮೂರೂ ಅದರಲ್ಲಿ ಬೆರೆತಿರುತ್ತವೆ. ಕೆಂಪೂ ತುರಿಕೆಯೂ ಶಿಲೀಂಧ್ರದ ವಿರುದ್ಧ ದೇಹ ಹೂಡಿದ ಜಗಳದ ಗುರುತುಗಳು. ಸ್ಟೀರಾಯ್ಡ್ ಆ ಜಗಳವನ್ನೇ ನಿಲ್ಲಿಸುವುದರಿಂದ ಎರಡು ದಿನದಲ್ಲಿ ತುರಿಕೆ ಅಡಗುತ್ತದೆ, ಟ್ಯೂಬು ಒಳ್ಳೆಯದೆಂಬ ಹೆಸರು ಪಡೆಯುತ್ತದೆ, ಶಿಲೀಂಧ್ರ ಮಾತ್ರ ತಡೆಯಿಲ್ಲದೆ ಹಬ್ಬುತ್ತದೆ. ಹಚ್ಚುವುದು ಬಿಟ್ಟರೆ ಇಮ್ಮಡಿಯಾಗಿ ಎದ್ದುಬರುತ್ತದೆ. ತೊಡೆಸಂದಿಯ ಎಳೆ ಚರ್ಮ ತೆಳ್ಳಗಾಗಿ ಬಸುರಿಯರ ಹೊಟ್ಟೆಯ ಮೇಲಿನಂಥ ಗೆರೆಗಳು ಬೀಳುತ್ತವೆ, ಆ ಗೆರೆಗಳು ಮಾಸುವುದಿಲ್ಲ. ಹೆಸರುಗಳೂ ಮೋಸ ಮಾಡುತ್ತವೆ. 'ಜೋಲ್' ಎಂದು ಮುಗಿಯುವ ಕ್ಲೋಟ್ರಿಮಜೋಲ್, ಕೀಟೊಕೊನಜೋಲ್ ಶಿಲೀಂಧ್ರನಾಶಕಗಳು. 'ಸೋಲ್' ಎಂದು ಮುಗಿಯುವ ಕ್ಲೊಬೆಟಾಸೋಲ್ ಸ್ಟೀರಾಯ್ಡ್. ಒಂದಕ್ಷರದ ಅಂತರವನ್ನು ಅಂಗಡಿಯ ಮಂದ ಬೆಳಕಿನಲ್ಲಿ ಯಾರು ಓದುತ್ತಾರೆ?

ಕಾನೂನು ಇಲ್ಲವೆಂದಲ್ಲ. 2018ರ ಮಾರ್ಚಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಷೇಧಿಸಿದ 328 ಮಿಶ್ರ ಔಷಧಿಗಳಲ್ಲಿ ಇಂಥ ಮುಲಾಮುಗಳೂ ಇದ್ದವು. ಪೆಟ್ಟಿಗೆಯ ಮೇಲೆ ಎಚ್ಚರಿಕೆ ಅಚ್ಚಾಗಿರುತ್ತದೆ, ಮಾರಾಟವೂ ನಡೆಯುತ್ತದೆ. ಅಂಗಡಿಯವರನ್ನಷ್ಟೇ ದೂರಿದರೆ ಅರ್ಧ ಸತ್ಯವಾದೀತು. ಚರ್ಮವೈದ್ಯರನ್ನು ಕಾಣಲು ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಸಾಲಿನಲ್ಲಿ ಕಾಯುವಿಕೆ ಎಲ್ಲವನ್ನೂ ಲೆಕ್ಕ ಹಾಕಿದರೆ ಟ್ಯೂಬೇ ಅಗ್ಗವೆನಿಸುತ್ತದೆ. ದೊಡ್ಡ ಕಾಯಿಲೆಗೇ ಕಾರವಾರದವರು ಗೋವೆಗೂ, ಭಟ್ಕಳದವರು ಮಣಿಪಾಲಕ್ಕೂ, ಶಿರಸಿಯವರು ಹುಬ್ಬಳ್ಳಿಗೂ ಓಡುವ ಜಿಲ್ಲೆಯಲ್ಲಿ ತುರಿಕೆಗಾಗಿ ಯಾರು ಬಸ್ಸು ಹತ್ತುತ್ತಾರೆ? ಈ ಅಗ್ಗದ ಬೆಲೆ ಈಗ ಬೇರೆ ರೂಪದಲ್ಲಿ ತೆರಬೇಕಾಗಿ ಬಂದಿದೆ. ಸಾಮಾನ್ಯವಾಗಿ ಬಳಸುವ ಟರ್ಬಿನಾಫಿನ್ ಔಷಧಿಗೆ ಜಗ್ಗದ ಹುಳುಕಡ್ಡಿಯ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೋಫೈಟನ್ ಇಂಡೊಟಿನಿಯೇ ಎಂದು ಹೆಸರಿಟ್ಟರು. ಆ ಹೆಸರಿನಲ್ಲೇ ಭಾರತವಿದೆ. ಯೀಸ್ಟುಗಳ ಕಡೆಗೂ ಗಮನ ಹರಿದಿದೆ: ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಹೊರತಂದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯ ಮೊದಲ ಸಾಲಿನ ನಾಲ್ಕರಲ್ಲಿ ಎರಡು ಕ್ಯಾಂಡಿಡಾಗಳಿವೆ. ಅಲ್ಲಿನ ಚಿಂತೆ ತೀವ್ರ ನಿಗಾ ಘಟಕದಲ್ಲಿ ರಕ್ತಕ್ಕೆ ಸೇರುವ ಸೋಂಕಿನದು. ಮನೆಯ ತುರಿಕೆಯಿಂದ ಯಾರೂ ಅಷ್ಟು ಹೆದರಬೇಕಾಗಿಲ್ಲ.

ನನಗೆ ಸೋಜಿಗವೆನಿಸುವುದು ಇನ್ನೊಂದು. ಶಿರಸಿಯ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ವಿಷಯದಲ್ಲಿ ಯಾವ ಪಾಠವೂ ಬೇಡ. ಮಳೆ ಹಿಡಿಯುವ ಮೊದಲೇ ಒಂದು ಕಿಲೋ ಮೈಲುತುತ್ತಕ್ಕೆ ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಅಳತೆಯಲ್ಲಿ ಬೋರ್ಡೋ ದ್ರಾವಣ ಕಲಸಿ, ಮರ ಹತ್ತುವ ಕೊನೆಗೌಡನನ್ನು ಹುಡುಕಿ ಕರೆತಂದು ಮದ್ದು ಹೊಡೆಸುತ್ತಾರೆ. ಗೊನೆ ಚೆನ್ನಾಗಿ ಕಂಡಿತೆಂದು ನಲವತ್ತು ನಲವತ್ತೈದು ದಿನಕ್ಕೆ ಬರುವ ಎರಡನೆಯ ಮದ್ದನ್ನು ಬಿಡುವುದಿಲ್ಲ. ಬಿಟ್ಟವರ ತೋಟದ ಕತೆ ಅವರಿಗೆ ಗೊತ್ತು. ಅದೇ ಕೈಗಳು ಮೈಮೇಲಿನ ಸೋಂಕಿಗೆ ನಾಲ್ಕು ದಿನ ಹಚ್ಚಿ, ತುರಿಕೆ ನಿಂತಿತೆಂದು ಟ್ಯೂಬನ್ನು ಮಾಡಿನ ಸಂದಿಗೆ ಸಿಕ್ಕಿಸಿಡುತ್ತವೆ.

ಚಿಬ್ಬಿನ ಹುಡುಗನದು ಇದಕ್ಕೆ ತಿರುಗುಮುರುಗಾದ ತಾಪತ್ರಯ. ಅವನಿಗೆ ಮುಲಾಮಿಗಿಂತ ಸೆಲೆನಿಯಂ ಸಲ್ಫೈಡ್ ಅಥವಾ ಕೀಟೊಕೊನಜೋಲ್ ಶ್ಯಾಂಪೂ ಮೇಲು: ಎದೆ ಬೆನ್ನಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ತೊಳೆದುಕೊಳ್ಳುವುದನ್ನು ಒಂದು ವಾರ ಮಾಡಿದರೆ ಯೀಸ್ಟ್ ಸಾಯುತ್ತದೆ. ಆದರೆ ಅದು ಕದಡಿಟ್ಟ ಚರ್ಮದ ಬಣ್ಣ ಮರಳಲು ತಿಂಗಳುಗಳು ಬೇಕು. ಮಚ್ಚೆ ಹಾಗೆಯೇ ಇದೆಯೆಂದು ಅವನು ಮತ್ತೆ ಅಂಗಡಿಗೆ ಹೋಗಿ ಇನ್ನಷ್ಟು ಬಲವಾದದ್ದನ್ನು ಕೇಳುತ್ತಾನೆ. ಕೆರೆದರೆ ಹೊಟ್ಟು ಉದುರದಿದ್ದರೆ ಔಷಧಿ ಸಾಕಾಗಿದೆಯೆಂದೇ ಅರ್ಥ. ಆಷಾಢದಲ್ಲಿ ಹೋದ ಚಿಬ್ಬಿನ ಜಾಗ ಮೈಬಣ್ಣದೊಂದಿಗೆ ಬೆರೆಯುವುದು ದೀಪಾವಳಿಯ ಹೊತ್ತಿಗೆ.